ಅಣ್ಣನ ಗಾಡಿ, ವೈನಿಯ ಕರಾರು

ಬೇರೆಯವರ ಮನೆಯಲ್ಲಿ ಬೆಳಗಾದರೆ ಹಾಲು ಉಕ್ಕುತ್ತದೆ, ನಳಕ್ಕೆ ನೀರು ಬರುತ್ತದೆ. ನಮ್ಮ ಅಣ್ಣನ ಮನೆಯಲ್ಲಿ ಗಾಡಿ ಚಾಲೂ ಆಗುವುದಿಲ್ಲ. ಇದು ಇಂದು ನಿನ್ನೆಯ ಮಾತಲ್ಲ, ಇನ್ನು ಮುಂದೆ ನಿಲ್ಲುವ ಲಕ್ಷಣವೂ ಇಲ್ಲ. ಇಂಡಿಯಲ್ಲಿ ಅಣ್ಣನ ಮನೆಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡ ತಮ್ಮನಾಗಿ ನಾನು ಜನ್ಮದಲ್ಲಿ ಮಾಡಿದ್ದು ಎರಡೇ ಕೆಲಸ. ಒಂದು, ಸಿಂದಗಿಯ ಸಾಲೆಯಲ್ಲಿ ಗಣಿತ ಕಲಿಸಿದ್ದು. ಇನ್ನೊಂದು, ಅಣ್ಣನ ಗಾಡಿ ದಬ್ಬಿದ್ದು. ಮೊದಲನೆಯದರಿಂದ ನಿವೃತ್ತಿ ಸಿಕ್ಕಿದೆ.

ಗಾಡಿ ಎಂದರೆ ಒಂದು ಹಳೆಯ ಸಣ್ಣ ಲಾರಿ. ನಮ್ಮದು ನಿಂಬೆ ತೋಟ. ಕಾಯಿ ಪೇಟೆಗೆ ಹೋಗುವುದು ಅದರಲ್ಲೇ, ಗೊಬ್ಬರ ಬರುವುದು ಅದರಲ್ಲೇ. ಅಣ್ಣನ ಹೆಂಡತಿ, ನಮ್ಮ ವೈನಿ, ಬಸವನ ಬಾಗೇವಾಡಿಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದೂ ಅದರಲ್ಲೇ. ಆಗ ಅದು ಹೊಸದು. ಆದರೂ ನಡುದಾರಿಯಲ್ಲಿ ನಿಂತು, ಹೆಣ್ಣಿನ ಕಡೆಯವರೇ ಇಳಿದು ದಬ್ಬಬೇಕಾಯಿತು. "ಹೆಣ್ಣೂ ಕೊಟ್ವಿ, ಗಾಡೀನೂ ದಬ್ಬಿದ್ವಿ" ಎಂದು ವೈನಿಯ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಒಂದು ದಿನ ವೈನಿಗೆ ಸಾಕಾಗಿಹೋಯಿತು. ದೇವರ ಕೋಣೆಯ ಬಾಗಿಲಲ್ಲಿ ನಿಂತು ಕರಾರು ಹಾಕಿದರು.

"ದಬ್ರಿ, ಬಿಚ್ರಿ, ಕೂಡಸ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಆ ಗಾಡಿ ಹಗ್ಗಾ ಕಟ್ಟಿಸಿಕೊಂಡು ಮನಿಗೆ ಬಂತೋ, ಮರುದಿನಾನ ಗುಜರಿಗೆ. ಓಣಿ ಮಂದಿ ಮುಂದ ಆ ಮೆರವಣಿಗಿ ನನಗ ಬ್ಯಾಡ."

ಅಣ್ಣ "ಆತು" ಎಂದ. ದೇವರ ಮುಂದೆ ಆಡಿದ ಮಾತು, ತಪ್ಪುವ ಹಾಗಿಲ್ಲ. ಅವತ್ತೇ ಗಾಡಿಯಲ್ಲಿದ್ದ ಹಗ್ಗವನ್ನೆಲ್ಲ ತೆಗೆದು ತೋಟದ ಬಾವಿಯ ಕಡೆ ಒಗೆದು ಬಂದ. ಹಗ್ಗ ಇದ್ದರೆ ತಾನೇ ಕಟ್ಟುವುದು? ಆ ಗಾಡಿ ಹೋದರೆ ಅಣ್ಣ ಅರ್ಧ ಮನುಷ್ಯ ಆಗಿಬಿಡುತ್ತಾನೆ ಎಂದು ನನಗೆ ಗೊತ್ತಿದೆ. ಅದಕ್ಕೇ ಬೈಯುತ್ತ ಬೈಯುತ್ತ ಇವತ್ತಿಗೂ ದಬ್ಬುತ್ತೇನೆ.

ಸಿಂದಗಿಯ ಚಹಾ

ದಬ್ಬುವ ಮಂದಿ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೆ ಅಣ್ಣ ಕಂಡುಕೊಂಡ ಉಪಾಯ ಇಳಕಲು. ಇಳಕಲಿನಲ್ಲಿ ನಿಲ್ಲಿಸಿದ ಗಾಡಿ ಬ್ರೇಕ್ ಬಿಟ್ಟರೆ ತಾನೇ ಉರುಳುತ್ತದೆ, ಉರುಳುವಾಗ ಗೇರಿಗೆ ಹಾಕಿದರೆ ಗುರ್ ಎನ್ನುತ್ತದೆ. ಆದರೆ ನಮ್ಮ ಸೀಮೆ ತಟ್ಟಿದ ರೊಟ್ಟಿಯ ಹಾಗೆ ಸಪಾಟು. ನಾಲ್ಕು ತಾಲೂಕಿನಲ್ಲಿ ಇಳಕಲು ಎಲ್ಲೆಲ್ಲಿದೆ ಎಂಬುದು ಅಣ್ಣನಿಗೆ ಬಾಯಿಪಾಠ. ಅವನ ಹಜಾಮತಿಯ ಅಂಗಡಿ ಇಳಕಲಿನದು, ಹಲ್ಲಿನ ಡಾಕ್ಟರು ಇಳಕಲಿನವರು. ಊರಲ್ಲಿ ಕೂಡ ಗಾಡಿ ಮನೆಯ ಮುಂದೆ ನಿಲ್ಲುವುದಿಲ್ಲ. ನಮ್ಮ ಓಣಿ ದಾಟಿ ಮುಂದೆ ಹೋದರೆ ಹಳ್ಳದ ದಂಡೆಯಲ್ಲಿ ಒಂದು ಇಳಕಲು ಇದೆ, ಅದರ ಮುಕ್ಕಾಮು ಅಲ್ಲಿ.

ಸಿಂದಗಿಯಲ್ಲಿ ಒಳ್ಳೆಯ ಚಹಾ ಸಿಗುವ ಹೋಟೆಲುಗಳಿವೆ, ಎಲ್ಲವೂ ಸಪಾಟು ಜಾಗದಲ್ಲಿ. ಇಳಕಲಿನಲ್ಲಿ ಇರುವುದು ಒಂದೇ ಹೋಟೆಲು. ಅಲ್ಲಿಯ ಚಹಾ ಮತ್ತು ಅಲ್ಲಿಯ ಪಾತ್ರೆ ತೊಳೆದ ನೀರು ಎರಡೂ ಒಂದೇ ಬಣ್ಣ. ಅಣ್ಣ ವರ್ಷಗಟ್ಟಲೆ ಅಲ್ಲೇ ಕುಡಿದ, ನನಗೂ ಕುಡಿಸಿದ.

ಒಂದು ದಿನ ಹೋಟೆಲಿನ ಮಾಲಕನಿಗೆ ತಡೆಯಲಾಗಲಿಲ್ಲ. ಕಪ್ಪು ಇಟ್ಟು ಕೈ ಕಟ್ಟಿ ನಿಂತ. "ಕಾಕಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನನ್ನ ಚಹಾ ನನ್ನ ಹೇಣ್ತೀನ ಕುಡಿಯೂದಿಲ್ಲ. ನೀವು ಇಂಡಿಯಿಂದ ಬಂದು ಇಲ್ಲೇ ಕುಡಿತೀರಿ. ನಿಮಗಿಲ್ಲಿ ಏನ್ ಹಿಡಿಸೈತ್ರಿ?"

ಅಣ್ಣ ಸುಳ್ಳು ಹೇಳುವವನಲ್ಲ. "ಜಾಗಾ ಹಿಡಿಸ್ಯದ. ಇಂಥಾ ಜಾಗಾ ಸಿಂದಗ್ಯಾಗ ಮತ್ತೊಂದಿಲ್ಲ" ಎಂದ. ಮಾಲಕನ ಕಣ್ಣಲ್ಲಿ ನೀರು ಬಂತು. ಅವನ ಹೋಟೆಲನ್ನು ಅಷ್ಟರವರೆಗೆ ಯಾರೂ ಹೊಗಳಿರಲಿಲ್ಲ.

ಮುಂದಿನ ಸಲ ಹೋದಾಗ ಗುರುತೇ ಸಿಗಲಿಲ್ಲ. ಹೋಟೆಲಿನ ಮುಂದೆ ಗರಸು ಹಾಕಿಸಿ, ರೋಲರ್ ಹೊಡೆಸಿ, ಇಳಕಲನ್ನೆಲ್ಲ ಮುಚ್ಚಿ ಸಪಾಟು ಮಾಡಿಸಿದ್ದ. ಮೇಲೆ ಎರಡು ಹೊಸ ಕುರ್ಚಿ. "ಜಾಗಾ ಹೊಗಳಿದ್ರಲ್ಲರೀ, ನಿಮ್ಮ ಸಲುವಾಗಿನ ಮಾಡಿಸೇನಿ" ಎಂದು ಬಾಗಿಲು ತೆಗೆದು ಅಣ್ಣನ ಕೈ ಹಿಡಿದು ಇಳಿಸಿಕೊಂಡ. ಆ ಸಂಭ್ರಮದಲ್ಲಿ ಇಂಜಿನ್ ಆರಿತು. ಇನ್ನು ಅದು ಏಳುವ ಮಾತೇ ಇಲ್ಲ.

ನಮ್ಮ ಕಡೆ ಒಂದು ರಿವಾಜು: ಗಾಡಿ ದಬ್ಬಿದವರಿಗೆ ಚಹಾ ಕುಡಿಸಬೇಕು. ಅಣ್ಣ ಎದುರಿನ ಕಟ್ಟೆಯ ಮೇಲೆ ಕೂತವರನ್ನು ಕರೆದ. "ಸ್ವಲ್ಪ ದಬ್ಬಿ ಕೊಡ್ರೆಪ್ಪ, ಇಲ್ಲೇ ಎಲ್ಲಾರಿಗೂ ಚಹಾ ಹೇಳ್ತೇನಿ." ಯಾರೂ ಏಳಲಿಲ್ಲ. ಅಣ್ಣ ಮತ್ತೆ ಕರೆದ, ಅವರು ಮುಖ ತಿರುಗಿಸಿಕೊಂಡರು. ಕೊನೆಗೆ ನಾನು ಹತ್ತಿರ ಹೋಗಿ "ಚಹಾ ಕುಡಸೂದಿಲ್ರಿ, ಬರ್ರಿ" ಎಂದೆ. ಎಲ್ಲರೂ ಒಮ್ಮೆಲೇ ಎದ್ದು ಬಂದರು.

ಮೂರು ಸಲ ಮಾತಾಡಿಸಿದ್ದು

ಮುದ್ದೇಬಿಹಾಳದಲ್ಲಿ ಕಾಯಿ ಇಳಿಸಿ ನಾಲತವಾಡದ ಕಡೆ ಹೊರಟಾಗ ಊರಂಚಿನ ಒಂದು ಓಣಿಯಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿತ್ತು. ಅಣ್ಣ ಇಂಜಿನ್ನಿನ ಪಕ್ಕದ ಸಣ್ಣ ಪಂಪು ಒತ್ತಿ ಒತ್ತಿ ಗಾಳಿ ತೆಗೆದ. ಇನ್ನು ದಬ್ಬಬೇಕು. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒಂದು ಮನೆಯ ಕಟ್ಟೆಯ ಮೇಲೆ ಮಾತ್ರ ಗಟ್ಟಿಮುಟ್ಟಾದ ಹತ್ತಾರು ಗಂಡಸರು ಸುಮ್ಮನೆ ಕೂತಿದ್ದರು.

"ದೇವರು ದೊಡ್ಡಾಂವ" ಎಂದು ಅಣ್ಣ ಆ ಕಡೆ ನಡೆದ. ಹತ್ತಿರ ಹೋದ ಮೇಲೆ ತಿಳಿಯಿತು. ಆ ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರು ತೀರಿಕೊಂಡಿದ್ದರು, ಇವರೆಲ್ಲ ಮನೆಯವರನ್ನು ಮಾತಾಡಿಸಿ ಸಮಾಧಾನ ಹೇಳಲು ಬಂದವರು. ಅಷ್ಟರಲ್ಲಿ ಅವರು ಸರಿದು ನಮಗೂ ಜಾಗ ಮಾಡಿದ್ದರು. ಸಾವಿನ ಮನೆಯ ಕಟ್ಟೆ ಹತ್ತಿ ಗಾಡಿ ದಬ್ಬಿರಿ ಎಂದು ಯಾವ ಬಾಯಿಂದ ಹೇಳುವುದು? ಕೂತೆವು.

ಅಣ್ಣ ನಿಟ್ಟುಸಿರು ಬಿಟ್ಟು "ಭಾಳ ದೊಡ್ಡ ಜೀವಾ" ಎಂದ. ಹಿರಿಯ ಮಗ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ನಾನೂ ಸುಮ್ಮನಿರಬಾರದೆಂದು "ಓಣಿಗೇ ನೆರಳಾಗಿದ್ರು" ಎಂದೆ. ಹೋದವರ ಹೆಸರು ಕೂಡ ನಮಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಗನೇ "ಬಿಸಿಲಾಗ ಗಾಡಿ ಯಾಕ ನಿಂದ್ರಿಸೀರಿ?" ಎಂದು ಕೇಳಿದ. ಅಣ್ಣ ಹೇಳಿದ. ಪಾಪ, ಎಲ್ಲರೂ ಎದ್ದು ಬಂದು ದಬ್ಬಿದರು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೇವಿ' ಎನ್ನಬಾರದು. ಅದಕ್ಕೆ ಏನೂ ಹೇಳದೆ ಹೊರಟೆವು.

ಹೇಳದಿದ್ದರೂ ಬಂದೆವು. ಗಾಡಿ ನಾಲ್ಕು ಮನೆ ದಾಟಿ ಮತ್ತೆ ಆರಿತು. ಅಣ್ಣ ಮತ್ತೆ ಪಂಪು ಒತ್ತಿದ. ತಿರುಗಿ ನೋಡಿದರೆ ಅವರೆಲ್ಲ ಕಟ್ಟೆ ಹತ್ತಿ ಮೊದಲಿನ ಹಾಗೆಯೇ ದುಃಖದಲ್ಲಿ ಕೂತಿದ್ದರು. ನೇರ ಕೇಳಲು ಮತ್ತೆ ನಾಚಿಕೆ, ಮತ್ತೆ ಕೂತೆವು. "ಏನ್ ಮಾಡೂದು, ಎಷ್ಟು ಮಾಡಿದ್ರೂ ಒಂದಿನ ನಿಲ್ಲೂದ" ಎಂದು ಅಣ್ಣ ಗಾಡಿಯ ಕಡೆ ನೋಡುತ್ತ ಹೇಳಿದ. ಮತ್ತೆ ಎದ್ದರು, ಮತ್ತೆ ದಬ್ಬಿದರು, ಗಾಡಿ ಮತ್ತೆ ಆರಿತು.

ಮೂರನೆಯ ಸಲ ನಾವು ಮುಖ ಸಣ್ಣ ಮಾಡಿಕೊಂಡು ಕಟ್ಟೆ ಹತ್ತುವಾಗ ಹಿರಿಯ ಮಗ ಎದ್ದು ನಿಂತು ಕೈ ಮುಗಿದ. "ಸಾಹೇಬ್ರ, ಸತ್ತಾವ್ರು ನಮ್ಮಪ್ಪ ಒಬ್ರ. ನೀವು ಮೂರು ಸಲ ಮಾತಾಡಿಸಾಕ ಬಂದ್ರಿ. ಇನ್ನ ಕೂಡಬ್ಯಾಡ್ರಿ, ಸೀದಾ ಗಾಡೀಗೆ ಕೈ ಹಚ್ಚೂಣ ನಡೀರಿ."

ಗಾಳಿ

ಹಲಸಂಗಿಯ ಹಾದಿಯಲ್ಲಿ, ಬೇಸಿಗೆಯ ನಡುಮಧ್ಯಾಹ್ನ, ಸಪಾಟು ರಸ್ತೆಯಲ್ಲಿ ನಿಂತಿದ್ದೆವು. ಒಂದು ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದ ರೈತ ಇಳಿದು ಸೀಟಿನ ಕೆಳಗಿಂದ ಹಗ್ಗ ಎಳೆಯತೊಡಗಿದ. ಹಗ್ಗ ಕಂಡದ್ದೇ ಅಣ್ಣನಿಗೆ ಹಾವು ಕಂಡ ಹಾಗಾಯಿತು.

"ಏನೂ ಆಗಿಲ್ಲ! ನಾವು ಸುಮ್ನ ಗಾಳಿ ತಗೊಳ್ಳಿಕ್ಕೆ ನಿಂತೇವಿ."

ಎಲೆ ಅಲುಗುತ್ತಿರಲಿಲ್ಲ. ರೈತ ನಮ್ಮಿಬ್ಬರ ಬೆವರು ನೋಡಿದ. ಹಿರಿಯರಿಬ್ಬರನ್ನು ಬಯಲಲ್ಲಿ ಬಿಟ್ಟು ಹೋಗುವುದು ನಮ್ಮ ಕಡೆಯವರ ಗುಣವಲ್ಲ. ಹಗ್ಗ ಒಳಗಿಟ್ಟು ಬಂದು ನಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಮಳೆಯ ಮಾತು, ಕಬ್ಬಿನ ಮಾತು, ಮಗಳ ಬಾಣಂತನದ ಮಾತು, ಎಲ್ಲ ಮುಗಿಯಿತು. ಕೊನೆಗೆ ರೊಟ್ಟಿಯ ಅರಿವೆ ಝಾಡಿಸುತ್ತ ಎದ್ದ.

"ಗಾಳಿ ಭಾಳ ಛಲೋ ಐತ್ರಿ. ಇನ್ನ ಹೇಳ್ರಿ, ಗಾಡಿ ಎಲ್ಲಿ ಕೆಟ್ಟೈತಿ?"

ಆಚಾರ್ಯರ ಗೂಟ

ಬಸವನ ಬಾಗೇವಾಡಿಯಲ್ಲಿ ವೈನಿಯ ತವರಿನವರು ಒಂದು ಶಾಂತಿ ಇಟ್ಟುಕೊಂಡಿದ್ದರು. ವೈನಿ ಎರಡು ದಿನ ಮೊದಲೇ ಹೋಗಿದ್ದರು. ಪೂಜೆ ಮಾಡಿಸುವ ನಮ್ಮ ಆಚಾರ್ಯರನ್ನು ಕರೆದುಕೊಂಡು ಬರುವ ಕೆಲಸ ನಮ್ಮದು. ಆಚಾರ್ಯರಿಗೆ ಮೊದಲು ನಿಡಗುಂದಿಯ ಕಡೆ ಹೋಗಿ ಹೊಳೆಯ ಸ್ನಾನ ಆಗಬೇಕು, ಆಮೇಲೆ ತಿರುಗಿ ಬಾಗೇವಾಡಿ.

ಹೊಳೆಯ ದಂಡೆಯಲ್ಲಿ ಬೇಕಾದಷ್ಟು ಇಳಕಲು. ಅಣ್ಣ ಖುಷಿಯಿಂದ ನಿಲ್ಲಿಸಿದ. ಆಚಾರ್ಯರು ಸ್ನಾನ ಮುಗಿಸಿ, ಮಡಿಯುಟ್ಟು, ತಮ್ಮ ಮಡಿ ಚೀಲವನ್ನು ಗಾಡಿಯೊಳಗೆ ತೂಗುಹಾಕಿ, ದಂಡೆಯ ಬೇವಿನ ಕೆಳಗೆ ಜಪಕ್ಕೆ ಕೂತರು. ಜಪ ಮುಗಿಯುವವರೆಗೆ ಮೌನ.

ಅಷ್ಟರಲ್ಲಿ ಗಾಡಿ ಚಾಲೂ ಮಾಡಿ ಇಟ್ಟಿರೋಣ ಎಂದು ಅಣ್ಣ ಬ್ರೇಕ್ ಬಿಟ್ಟ. ಗಾಡಿ ಉರುಳಿತು, ಗೇರ್ ಬಿತ್ತು, ಗುರ್ ಎನ್ನಲಿಲ್ಲ. ಸಪ್ಪಳವಿಲ್ಲದೆ ಕೆಳಗೆ ಹೋಗಿ ನೀರಿನ ಹತ್ತಿರ ಸಪಾಟಿನಲ್ಲಿ ನಿಂತಿತು. ಇಳಕಲು ಕೈಕೊಟ್ಟದ್ದು ಅದೇ ಮೊದಲು. ಅಣ್ಣನ ಮುಖ ಬಿಳಿಚಿತು.

ಡೀಸೆಲ್ ನೋಡಿದೆವು, ಇತ್ತು. ಪೈಪಿನ ಗಾಳಿ ತೆಗೆದೆವು. ಬ್ಯಾಟರಿಯ ತುದಿ ತಿಕ್ಕಿದೆವು. ಸೆಲ್ಫ್ ಹೊಡೆದರೆ ಅವತ್ತು ಅದು ಚೆನ್ನಾಗಿಯೇ ತಿರುಗುತ್ತಿತ್ತು, ಇಂಜಿನ್ನಿಗೆ ಮಾತ್ರ ಜೀವ ಬರವಲ್ಲದು. ಅತ್ತ ಬಾಗೇವಾಡಿಯಿಂದ ವೈನಿಯ ಫೋನು. "ಮುಹೂರ್ತ ಮೀರ್ಲಿಕತ್ತದ. ಯಾರದರೆ ಟ್ರ್ಯಾಕ್ಟರ್ ಕರೀರಿ, ಹಗ್ಗಾ..." ಅಣ್ಣ ಫೋನ್ ಬಂದ್ ಮಾಡಿದ.

ಆಮೇಲೆ ಅವನ ಕಣ್ಣು ಸ್ಟೇರಿಂಗಿನ ಕೆಳಗೆ ಹೋಯಿತು. ಹಳೆಯ ಗಾಡಿಗಳಲ್ಲಿ ಇಂಜಿನ್ ಆರಿಸಲು ಒಂದು ಗುಬುಟು ಇರುತ್ತದೆ. ಹೊರಗೆ ಎಳೆದರೆ ಡೀಸೆಲ್ ಬಂದ್, ಒಳಗೆ ಒತ್ತಿದರೇ ಮತ್ತೆ ಚಾಲೂ. ಹೊರಗೆ ಎಳೆದಿದ್ದ ಆ ಗುಬುಟಿಗೆ ಆಚಾರ್ಯರು, ಗೋಡೆಯ ಗೂಟ ಎಂದು ತಿಳಿದು, ತಂಬಿಗೆ ಪಂಚಪಾತ್ರೆ ತುಂಬಿದ ಚೀಲ ತೂಗುಹಾಕಿದ್ದರು. ಚೀಲ ತೆಗೆಯದೆ ಗುಬುಟು ಒಳಗೆ ಹೋಗುವ ಹಾಗಿಲ್ಲ.

ಅಣ್ಣ ಕೈ ಚಾಚಿದವನು ಹಾವು ತುಳಿದವನ ಹಾಗೆ ಹಿಂದೆಗೆದ. ಮಡಿ! ನಾವು ಗ್ರೀಸು ಹಚ್ಚಿಕೊಂಡ ಕೈಯವರು. ನಾವು ಮುಟ್ಟಿದರೆ ಆಚಾರ್ಯರು ಮತ್ತೆ ಮುಳುಗಬೇಕು, ಚೀಲದ ಪಂಚೆ ಮತ್ತೆ ಒಗೆದು ಒಣಗಬೇಕು, ಜಪ ಮತ್ತೆ ಮೊದಲಿಂದ. "ಒಣ ಕಟಗೀಲೆ ಎತ್ತಿದ್ರ ನಡೀತದೋ ಏನೋ" ಎಂದು ನಾನು ಒಂದು ಟೊಂಗೆ ಹುಡುಕಿ ತಂದೆ. ಬೇವಿನ ಕೆಳಗೆ ಆಚಾರ್ಯರ ಒಂದು ಕಣ್ಣು ತೆರೆಯಿತು, ತಲೆ 'ಇಲ್ಲ' ಎಂದು ಅಲ್ಲಾಡಿತು, ಕಣ್ಣು ಮುಚ್ಚಿತು.

ಲೋಕದಲ್ಲಿ ಗಾಡಿ ಯಾಕೆ ಕೆಟ್ಟಿದೆ ಎಂದು ತಿಳಿಯದೆ ಕೂತವರನ್ನು ನೋಡಿದ್ದೇನೆ. ತಿಳಿದು ಕೂತವರು ನಾವಿಬ್ಬರೇ. ಆ ಚೀಲವನ್ನೇ ನೋಡುತ್ತ ಜಪ ಮುಗಿಯುವವರೆಗೆ ಕೂತೆವು. ಆಚಾರ್ಯರು ನಿಧಾನವಾಗಿ ಬಂದು ಚೀಲ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಣ್ಣ ಗುಬುಟು ಒತ್ತಿ ಸೆಲ್ಫ್ ಹೊಡೆದ, ಗಾಡಿ ಗುರ್ ಎಂದಿತು. ಆಚಾರ್ಯರು ಮೌನ ಮುರಿದು ಆಡಿದ ಮೊದಲ ಮಾತು:

"ನಿಮ್ಮ ಗಾಡ್ಯಾಗ ಈ ಗೂಟಾ ಭಾಳ ಅನುಕೂಲ ಅದ. ಪಂಚಿಗೆ ಅಂತ ಇನ್ನೊಂದು ಹೊಡಸ್ರಿ."

ತೊಟ್ಟಿಲ ಹಗ್ಗ

ಇವೆಲ್ಲ ಆದರೂ ಗಾಡಿ ಹಗ್ಗ ಕಟ್ಟಿಸಿಕೊಂಡಿರಲಿಲ್ಲ. ಕಟ್ಟುವ ದಿನವೂ ಬಂತು.

ಸಿಂದಗಿಯ ನಮ್ಮ ಸಂಬಂಧಿಕರಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ನಮ್ಮ ಮನೆಯಲ್ಲಿ ಹಿರಿಯರ ಕಾಲದ ಒಂದು ಸಾಗವಾನಿ ತೊಟ್ಟಿಲಿದೆ. ಬಳಗದಲ್ಲಿ ಯಾರಿಗೆ ಕೂಸು ಹುಟ್ಟಿದರೂ ಅದು ಹೋಗಿ ಬರಬೇಕು. ಜೊತೆಗೆ ವೈನಿಯೇ ನಿಂತು ಹೊಸೆಯಿಸಿದ ಹೆಬ್ಬೆರಳ ದಪ್ಪದ ನೂಲಿನ ಹಗ್ಗ. ತೊಟ್ಟಿಲು, ಹಗ್ಗ, ಅಣ್ಣ, ನಾನು ಗಾಡಿಯ ಪಾಲು. ವೈನಿಯನ್ನು ಕರೆದೊಯ್ಯಲು ಬಾಗೇವಾಡಿಯಿಂದ ಅವರ ತಮ್ಮ ಹೊಸ ಕಾರು ತಂದಿದ್ದ.

"ಕೀಲಿ ತಿರುವೂದ ಇಲ್ಲ ಅಕ್ಕಾ. ಗುಂಡಿ ಒತ್ತಿದ್ರ ಮುಗೀತು" ಎಂದು ಒತ್ತಿ ತೋರಿಸಿದ.

ವೈನಿ ರೇಷ್ಮೆ ಸೀರೆ ಸರಿಮಾಡಿಕೊಂಡು ತಣ್ಣಗೆ ಒಳಗೆ ಕೂತರು. ಗಾಜು ಇಳಿಸಿ ಅಣ್ಣನಿಗೆ ಕೇಳುವ ಹಾಗೆ ಹೇಳಿದರು. "ನೋಡ್ರಿ, ಇದಕ್ಕ ಇಳಕಲಾ ಬೇಕಾಗಿಲ್ಲ." ಅಣ್ಣ ತೊಟ್ಟಿಲ ಹಗ್ಗ ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ನಡೆದ. ನನಗೆ ಅವನನ್ನು ನೋಡಿ ಸಂಕಟವಾಯಿತು.

ಕಾರ್ಯ ಮುಗಿಸಿ ಇಳಿಹೊತ್ತಿಗೆ ತಿರುಗಿದೆವು. ಕಾರು ಮುಂದೆ ಹಾರಿಹೋಯಿತು. ನಾವು ನಮ್ಮ ಗತಿಯಲ್ಲಿ ಬರುತ್ತಿದ್ದರೆ, ಅರ್ಧ ದಾರಿಯಲ್ಲಿ, ತೊಗರಿ ಹೊಲದ ಪಕ್ಕ ಕಾರು ನಿಂತಿದೆ. ರೇಷ್ಮೆ ಸೀರೆಯ ವೈನಿ ಧೂಳಲ್ಲಿ ನಿಂತಿದ್ದಾರೆ. ಅವರ ತಮ್ಮ ಗುಂಡಿ ಒತ್ತುತ್ತಿದ್ದಾನೆ, ಒತ್ತುತ್ತಿದ್ದಾನೆ. ಒಂದು ಕೆಂಪು ದೀಪ ಬಿಟ್ಟರೆ ಏನೂ ಇಲ್ಲ.

ನಮ್ಮ ಗಾಡಿ ನಿಂತಲ್ಲಿ ಉಸಿರು ಹಿಡಿಯುವುದಿಲ್ಲ. ಕಾಲು ತೆಗೆದರೆ ಆರುತ್ತದೆ. ಅಣ್ಣ ಆ್ಯಕ್ಸಿಲರೇಟರ್ ಮೇಲೆ ಕಾಲು ಒತ್ತಿಕೊಂಡೇ ಕೂತ, ನಾನು ಇಳಿದೆ.

"ದಬ್ಬೂಣೇನು?" ಎಂದೆ. ಅಭ್ಯಾಸ.

"ಬ್ಯಾಡ್ರಿ! ಕಂಪನಿಗೆ ಫೋನ್ ಹಚ್ಚಿದ್ದೆ. ದಬ್ಬಿ ಚಾಲೂ ಮಾಡಿದ್ರ ಗ್ಯಾರಂಟಿ ಹೋಗ್ತದಂತ. ನಾಳೆ ಮುಂಜಾನೆ ಬರ್ತಾರಂತ" ಎಂದ ತಮ್ಮ.

"ದಬ್ಬಿಸಿಕೊಳ್ಳದ ಗಾಡಿ ಎಂಥಾ ಗಾಡಿಪಾ?" ಎಂದು ಅಣ್ಣ ಮೇಲಿಂದ ಒದರಿದ. ಎಷ್ಟೋ ವರ್ಷದ ಮೇಲೆ ಅವನ ಮುಖದಲ್ಲಿ ಅಷ್ಟು ಕಳೆ ನೋಡಿದೆ.

ಉಳಿದದ್ದು ಒಂದೇ ದಾರಿ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಆ ಶಬ್ದ ಆಡಲಿಲ್ಲ. ವೈನಿಯೇ ಕತ್ತಲಾಗುತ್ತಿದ್ದ ಹೊಲ ನೋಡಿ, ತಮ್ಮನನ್ನು ನೋಡಿ, ನೆಲ ನೋಡುತ್ತ ಹೇಳಿದರು. "ತೊಟ್ಟಲದ್ದು ಅದ ಅಲ್ಲ... ತಗೀರಿ."

ಕೂಸಿಗೆ ಹೆಸರಿಟ್ಟ ತೊಟ್ಟಿಲ ಹಗ್ಗದಲ್ಲಿ ಕಾರು ಕಟ್ಟಿದೆವು. ಮೊಣಕಾಲು ನೋವಿನ ವೈನಿ ಎತ್ತರದ ಗಾಡಿ ಹತ್ತಲಾರರು, ಕಾರಿನಲ್ಲೇ ಕೂತರು. ಗಾಡಿ ಎಳೆಯಿತು ನೋಡಿ, ಮದುವೆಗೆ ಹೊರಟವರ ಹಾಗೆ! ಅಣ್ಣ ಸೀಟಿ ಹೊಡೆಯುತ್ತ ಇಂಡಿ ಮುಟ್ಟಿಸಿದ.

ಓಣಿಯೊಳಗೆ ಹೊಕ್ಕಾಗ ಸೀಟಿ ನಿಂತಿತು. ನಾನು "ಅಣ್ಣಾ, ಮನಿ ಬಂತು, ನಿಲ್ಲಸು" ಎಂದೆ. ಅವನು ಹಣೆಯ ಬೆವರು ಒರೆಸಿಕೊಂಡ. "ನಿಲ್ಲಿಸಿ ಕಾಲು ತಗದ್ರ ಆರ್ತದ. ಆರಿದ್ರ ಎರಡೂ ಮನಿ ಮುಂದ ಕೂಡ್ತಾವು, ಹಗ್ಗದ ಸಮೇತ! ಕರಾರು ಮರತ್ಯಾ?" ಎಂದವನೇ ಕಾಲು ಇನ್ನೂ ಒತ್ತಿದ.

ಬೀದಿದೀಪ ಹತ್ತಿದ್ದವು, ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ. ಅವರ ಕಣ್ಣ ಮುಂದೆ ಮೊದಲು ನಮ್ಮ ಗಾಡಿ ಹೋಯಿತು, ಆಮೇಲೆ ಹಗ್ಗ ಹೋಯಿತು, ಆಮೇಲೆ ಹೊಸ ಕಾರು, ಅದರ ಕಿಟಕಿಯಿಂದ ತಲೆ ಹೊರಗೆ ಹಾಕಿದ ವೈನಿ. "ಮನಿ ಬಂತ್ರೀ! ಮನಿ ಬಂತ್ರೀ!" ಎಂದು ಕೂಗುತ್ತ ಬಂದವರು, ತಮ್ಮ ಬಾಗಿಲು ಹಿಂದೆ ಬಿದ್ದ ಮೇಲೆ "ಮನಿ ಹೋತ್ರೀ!" ಎನ್ನುತ್ತ ಮುಂದೆ ಹೋದರು. ಗಾಡಿ ನಿಂತದ್ದು ಹಳ್ಳದ ಇಳಕಲಿನಲ್ಲಿ.

ಅಲ್ಲಿಂದ ನಾಲ್ವರೂ ಮನೆಗೆ ನಡೆದು ಬಂದೆವು. ಎದುರುಮನೆಯ ಅಜ್ಜಿ "ಯಾಕವಾ, ಮನಿ ಗುರ್ತ ಹತ್ಲಿಲ್ಲೇನು?" ಎಂದಳು. ವೈನಿ ಒಳಗೆ ಹೋಗಿ ಎಲ್ಲರಿಗೂ ನೀರು ತಂದಿಟ್ಟು, ಕಟ್ಟೆಯ ಮೇಲೆ ಕೂತರು.

"ಕರಾರು ನೆನಪದ ಏನು?"

ಅಣ್ಣನ ಮುಖ ಸಣ್ಣದಾಯಿತು. ದೇವರ ಮುಂದೆ ಆಡಿದ ಮಾತು, ಓಣಿಯೇ ಸಾಕ್ಷಿ. ಅವನು ಮೆಲ್ಲಗೆ ಹೇಳಿದ. "ನೆನಪದ. ಆದ್ರ ಹಗ್ಗಕ್ಕ ಎರಡು ತುದಿ ಇರ್ತಾವು. ಯಾವ ತುದೀದು ಗುಜರಿಗೆ ಹಾಕೂಣು?"

ವೈನಿಯ ತಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ವೈನಿ ಕೆಮ್ಮುವ ತಮ್ಮನನ್ನು ನೋಡಿದರು, ತಲೆ ತಗ್ಗಿಸಿದ ಗಂಡನನ್ನು ನೋಡಿದರು. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ತೀರ್ಪು ಕೊಟ್ಟರು.

"ಯಾವುದೂ ಹಾಕೂದು ಬ್ಯಾಡ. ನಾ ಏನಂದಿದ್ದೆ? ಹಗ್ಗಾ ಕಟ್ಟಿಸಿಕೊಂಡು ಮನಿಗೆ ಬಂದ್ರ ಅಂದಿದ್ದೆ. ಎಲ್ಲಿ ಬಂತು ಮನಿಗೆ? ನಾ ಅದರಾಗ ಕೂತು ಕಣ್ಣಾರೆ ನೋಡೇನಿ, ಬಾಗಲಾ ಮುಂದ ಹಾಯ್ದು ಹೋತು!"